ತೇಪೆಯ ಮೇಲೆ ತೇಪೆ: ಜಪಾನಿನ ಬೊರೊ ಹೊಲಿಗೆ ಕಲಿಯುವ ಬಗೆ

ಹಳೆ ಬಟ್ಟೆ ಕೂಡಿಡುವ ಗೆಳತಿಯೊಬ್ಬಳು ನನ್ನ ಮಡಿಲಿಗೆ ಒಂದು ನೊರಾಗಿ ಇಟ್ಟಾಗ ಮೊದಲು ಗೊತ್ತಾಗಿದ್ದು ಅದರ ತೂಕ. ನೊರಾಗಿ ಎಂದರೆ ಜಪಾನಿನ ರೈತರು ಹೊಲದ ಕೆಲಸಕ್ಕೆ ತೊಡುತ್ತಿದ್ದ ಗಿಡ್ಡ ಮೇಲಂಗಿ. ಗುಂಡಿ ಇಲ್ಲ, ಎರಡು ಮಗ್ಗುಲನ್ನು ಒಂದರ ಮೇಲೊಂದು ತಂದು ಸೊಂಟಕ್ಕೆ ಕಟ್ಟಿಕೊಳ್ಳುವುದು ಅಷ್ಟೇ. ಹೊರಗೆ ಮಾಸಿದ ನೀಲಿ, ಅಲ್ಲಲ್ಲಿ ಗೆರೆಯ ಬಟ್ಟೆಯ ತುಂಡು. ಒಳಮೈ ತಿರುವಿದೆ. ಎಡ ಹೆಗಲ ಮೇಲೆ ಅಂಚು ಹಿಡಿದು ಎಣಿಸಿದರೆ ಐದು ಪದರ. ಬಲ ಹೆಗಲಿಗೆ ಎರಡೇ. ತೊಟ್ಟವರು ಯಾರೋ ಗೊತ್ತಿಲ್ಲ, ಆದರೆ ಹೊರೆಯನ್ನು ಎಡಗಡೆಗೆ ಹೊರುತ್ತಿದ್ದರು ಅನ್ನುವುದು ಬಟ್ಟೆಯಲ್ಲೇ ಬರೆದಿತ್ತು.

ಈ ಬರಹದಲ್ಲಿ ನಾನು ಹೇಳಬೇಕಾದ್ದೆಲ್ಲ ಆ ಹೆಗಲಿನಲ್ಲಿದೆ. ತೇಪೆ ಎಲ್ಲಿ ಕೂರಬೇಕು ಅನ್ನುವುದನ್ನು ಸವೆತ ತೀರ್ಮಾನಿಸುತ್ತದೆ. ಅದನ್ನು ಮೊದಲು ಒಪ್ಪಿಕೊಂಡರೆ ಉಳಿದದ್ದು ಸೂಜಿ, ದಾರ ಮತ್ತು ತಾಳ್ಮೆಯ ಮಾತು.

ಬೊರೊ ಎಲ್ಲಿಂದ ಬಂತು

ಜಪಾನಿ ಭಾಷೆಯಲ್ಲಿ 'ಬೊರೊ' ಅಂದರೆ ಚಿಂದಿ. 'ಬೊರೊಬೊರೊ' ಅಂದರೆ ಹರಿದು ಜೂಲುಜೂಲಾದದ್ದು. ಹೀಗೆ ತೇಪೆಯ ಮೇಲೆ ತೇಪೆ ಬಿದ್ದ ಬಟ್ಟೆಗೂ ಬೊರೊ ಎಂದೇ ಹೆಸರು. ಇವುಗಳ ತವರೆಂದರೆ ಹೊನ್ಶೂ ದ್ವೀಪದ ಈಶಾನ್ಯ ಭಾಗವಾದ ತೊಹೊಕು, ಅದರಲ್ಲೂ ತುತ್ತತುದಿಯ ಅಒಮೊರಿ. ಅಲ್ಲಿನ ಚಳಿಗೆ ಹತ್ತಿ ಬೆಳೆಯುವುದಿಲ್ಲ. ರೈತರಿಗೆ ಸಿಗುತ್ತಿದ್ದದ್ದು ಭಂಗಿ ಗಿಡದ ನಾರು. ಅದನ್ನು ಬೆಳೆದು, ಸುಲಿದು, ನೂತು, ನೇಯುವ ಕೆಲಸ ಹೆಂಗಸರದು. ಆ ನಾರಿನ ಬಟ್ಟೆ ಗಟ್ಟಿ, ಆದರೆ ಎಳೆಗಳ ನಡುವೆ ಗಾಳಿ ನುಗ್ಗುತ್ತದೆ. ಹಿಮ ಬೀಳುವ ಊರಿನಲ್ಲಿ ಒಂದೇ ಪದರ ಯಾತಕ್ಕೂ ಸಾಲದು. ಆದ್ದರಿಂದ ಪದರದ ಮೇಲೆ ಪದರ ಇಟ್ಟು, ಎಳೆಗಳ ಸಂದು ಮುಚ್ಚುವಂತೆ ಒತ್ತೊತ್ತಾಗಿ ಹೊಲಿದರು. ಆ ಹೊಲಿಗೆಗೆ 'ಸಶಿಕೊ' ಎಂದು ಹೆಸರು. 'ಸಣ್ಣ ಚುಚ್ಚುಗಳು' ಎಂಬಂಥ ಅರ್ಥ.

ಬಡತನದ ಮೇಲೆ ಕಾನೂನೂ ಇತ್ತು. 1724ರಲ್ಲಿ ಅಒಮೊರಿಯ ಪಶ್ಚಿಮ ಭಾಗವನ್ನು ಆಳುತ್ತಿದ್ದ ತ್ಸುಗರು ಸಂಸ್ಥಾನವು ರೈತರು ಹತ್ತಿ ಬಟ್ಟೆ ತೊಡಬಾರದೆಂದು ಕಟ್ಟಳೆ ಮಾಡಿತು. ತ್ಸುಗರು ಸೀಮೆಯ ಹೆಂಗಸರು ನಾರಿನ ಬಟ್ಟೆಯ ಮೇಲೆ ಬಿಳಿ ದಾರದಿಂದ ಎಳೆ ಎಣಿಸಿ ಹೊಲಿದ 'ಕೊಗಿನ್', ಪಕ್ಕದ ನಂಬು ಸೀಮೆಯ ವಜ್ರಾಕೃತಿಯ 'ಹಿಶಿಜಶಿ' ಇವೆರಡೂ ಇದೇ ನೆಲದಲ್ಲಿ ಬೆಳೆದವು. ಹತ್ತಿ ಬಂದದ್ದು ಹಡಗಿನಲ್ಲಿ. ಒಸಾಕಾದಿಂದ ಜಪಾನ್ ಸಮುದ್ರದ ಕರಾವಳಿ ಹಿಡಿದು ಉತ್ತರಕ್ಕೆ ಹೋಗುತ್ತಿದ್ದ 'ಕಿತಮಯೆಬುನೆ' ಹಡಗುಗಳು ನಗರದವರು ಉಟ್ಟು ಬಿಟ್ಟ ಹತ್ತಿ ಬಟ್ಟೆಯ ಗಂಟುಗಳನ್ನೂ ಹೊತ್ತು ತರುತ್ತಿದ್ದವು. ತೊಹೊಕುವಿನ ಮನೆಗೆ ಹೊಸ ಬಟ್ಟೆ ಅಂತ ಬಂದದ್ದೇ ಇನ್ನೊಬ್ಬರ ಹಳೆ ಬಟ್ಟೆ. 1891ರಲ್ಲಿ ರೈಲು ಅಒಮೊರಿ ಮುಟ್ಟಿದ ಮೇಲೆ ಹತ್ತಿಯ ದಾರ, ಬಟ್ಟೆ ಕೈಗೆಟುಕತೊಡಗಿತು. ಆದರೂ ತೇಪೆ ಹಾಕುವುದು ಇಪ್ಪತ್ತನೆಯ ಶತಮಾನದ ನಡುವಿನವರೆಗೂ ನಿಲ್ಲಲಿಲ್ಲ.

ಅಂಗಿ ಮಾತ್ರವಲ್ಲ. 'ದೊಂಜಾ' ಎಂಬ ದಪ್ಪನೆಯ ರಾತ್ರಿ ಹೊದಿಕೆ ಇತ್ತು, ತೋಳಿರುವ ರಜಾಯಿ ಎನ್ನಿ. ಹತ್ತು ಕಿಲೋಗೂ ಹೆಚ್ಚು ತೂಗುವಂಥವೂ ಉಳಿದಿವೆ. ಮನೆಮಂದಿ ಅದರಡಿ ಒತ್ತಾಗಿ ಮಲಗಿ ಒಬ್ಬರ ಮೈಶಾಖದಲ್ಲಿ ಇನ್ನೊಬ್ಬರು ಬೆಚ್ಚಗಾಗುತ್ತಿದ್ದರು. 'ಬೊದೊಕೊ' ಎಂಬ ಚಿಂದಿಯ ಹಾಸು ಹೆರಿಗೆಯ ಹೊತ್ತಿಗೂ ಬರುತ್ತಿತ್ತು. ಹುಟ್ಟಿದ ಕೂಸು ಮೊದಲು ಮುಟ್ಟುತ್ತಿದ್ದದ್ದು ಅಜ್ಜ ಮುತ್ತಜ್ಜಿಯರು ಉಟ್ಟ ಬಟ್ಟೆಯನ್ನು.

ಎರಡನೇ ಮಹಾಯುದ್ಧದ ನಂತರ ಇವೆಲ್ಲ ಮನೆಯವರಿಗೆ ನಾಚಿಕೆಯ ಗುರುತಾದವು. ಸುಟ್ಟರು, ಅಟ್ಟದ ಮೂಲೆಗೆ ತುರುಕಿದರು. ಅಒಮೊರಿಯವರೇ ಆದ ತನಾಕ ಚೂಜಬುರೊ (1933–2013) ಹಳ್ಳಿಹಳ್ಳಿ ಅಲೆದು ಅವನ್ನು ಕೂಡಿಟ್ಟರು. ಅವರು ಸಂಗ್ರಹಿಸಿದ ತ್ಸುಗರು–ನಂಬು ಸೀಮೆಯ 786 ಸಶಿಕೊ ಉಡುಪುಗಳಿಗೆ ಜಪಾನ್ ಸರ್ಕಾರ ಮಹತ್ವದ ಜಾನಪದ ಸಂಪತ್ತೆಂಬ ಮನ್ನಣೆ ಕೊಟ್ಟಿತು. ಅವರ ಬೊರೊ ಬಟ್ಟೆಗಳಿಗಾಗಿ ಟೋಕಿಯೊದ ಅಸಾಕುಸದಲ್ಲಿ ಅಮ್ಯೂಸ್ ಮ್ಯೂಸಿಯಂ 2009ರಿಂದ 2019ರವರೆಗೆ ಬಾಗಿಲು ತೆರೆದಿತ್ತು. ಅಲ್ಲಿ ಬಂದವರಿಗೆ ಬಟ್ಟೆ ಮುಟ್ಟಿ ನೋಡುವ ಅವಕಾಶವಿತ್ತು. ಅದು ಸರಿಯಾದ ನಿರ್ಧಾರ ಅಂತಲೇ ನನಗನ್ನಿಸುತ್ತದೆ. ಬೊರೊ ಕಣ್ಣಿಗಿಂತ ಕೈಗೆ ಬೇಗ ಅರ್ಥವಾಗುತ್ತದೆ.

ಒಂದು ಮಾತು ಸ್ಪಷ್ಟವಿರಲಿ. ಜಪಾನಿನ ತುಂಡುಬಟ್ಟೆಯ ಉಡುಪೆಲ್ಲ ಬೊರೊ ಅಲ್ಲ. ಸೇನಾನಿ ಉಎಸುಗಿ ಕೆನ್ಶಿನ್ (1530–1578) ತೊಟ್ಟದ್ದೆಂದು ಯೊನೆಜಾವದ ಉಎಸುಗಿ ದೇಗುಲದಲ್ಲಿಟ್ಟಿರುವ ಮೇಲಂಗಿ ಜರಿ ರೇಷ್ಮೆಯ ತುಂಡುಗಳನ್ನು ಕೂಡಿಸಿದ್ದು, ಅದು ವೈಭವ. ಕನಜಾವ ಕಡೆಯ 'ಹ್ಯಾಕುತೊಕು' ಕಿಮೊನೊ ಮಗುವಿಗೆ ಆಯಸ್ಸು ಬೇಡಿ ಹಲವು ಮನೆಗಳಿಂದ ತುಂಡು ಬೇಡಿ ತಂದು ಹೊಲಿದದ್ದು, ಅದು ಹರಕೆ. ಬೌದ್ಧ ಭಿಕ್ಷುಗಳ 'ಕೆಸಾ' ಇನ್ನೊಂದು ಬಗೆ. ಆ ಪದವೇ ನಮ್ಮ 'ಕಾಷಾಯ'ದಿಂದ ಹೋದದ್ದು. ಎಸೆದ ಬಟ್ಟೆ ಆಯ್ದು ಹೊಲಿದು ಹೊದೆಯುವ 'ಪಾಂಸುಕೂಲ'ದ ವ್ರತ ಭಾರತದಿಂದ ಹೊರಟು ಜಪಾನ್ ತಲುಪಿತು. 756ರಲ್ಲಿ ಸಾಮ್ರಾಜ್ಞಿ ಕೋಮ್ಯೋ ತೀರಿಹೋದ ಗಂಡ ಶೋಮುವಿನ ವಸ್ತುಗಳನ್ನು ನಾರಾದ ತೋದಾಯಿಜಿಗೆ ಅರ್ಪಿಸಿದಾಗ ಅವುಗಳಲ್ಲಿ ಕೆಸಾಗಳೂ ಇದ್ದವು, ಇಂದಿಗೂ ಇವೆ. ಇವೆಲ್ಲಕ್ಕೂ ಬೊರೊಗೂ ಇರುವ ವ್ಯತ್ಯಾಸ ಒಂದೇ: ಅವನ್ನು ಒಮ್ಮೆ ಕೂತು ಹೊಲಿದು ಮುಗಿಸಿದರು. ಬೊರೊ ಮುಗಿಯುವುದಿಲ್ಲ.

ಮೊದಲ ಹೆಜ್ಜೆ: ಅಂಗಿಯನ್ನು ಓದುವುದು

ಬೊರೊ ಕಲಿಯಲು ಹೊಸ ಬಟ್ಟೆ ತರಬೇಡಿ. ನೀವೋ ಮನೆಯವರೋ ವರ್ಷಗಟ್ಟಲೆ ತೊಟ್ಟು ಸವೆಸಿದ ಹತ್ತಿಯ ಅಂಗಿ ಒಂದನ್ನು ಆರಿಸಿಕೊಳ್ಳಿ. ಖಾದಿ ಜುಬ್ಬಾ ಆಗಬಹುದು, ಡೆನಿಮ್ ಜಾಕೆಟ್ ಆಗಬಹುದು, ದಪ್ಪ ಹತ್ತಿಯ ಶರ್ಟ್ ಆಗಬಹುದು. ಹಿಗ್ಗುವ ಬನಿಯನ್ ಬಟ್ಟೆ, ಟಿ-ಶರ್ಟ್ ಬೇಡ. ಹಿಗ್ಗುವ ಬಟ್ಟೆಗೂ ಹಿಗ್ಗದ ತೇಪೆಗೂ ಎಂದೂ ಹೊಂದಿಕೆಯಾಗದು.

ಹಗಲು ಹೊತ್ತು ಕಿಟಕಿಯ ಎದುರು ಅಂಗಿಯನ್ನು ಎತ್ತಿ ಹಿಡಿಯಿರಿ. ಬೆಳಕು ಎಲ್ಲಿ ತೂರುತ್ತದೋ ಅಲ್ಲಿ ಬಟ್ಟೆ ತೆಳುವಾಗಿದೆ. ತೂತು ಬಿದ್ದ ಜಾಗ ಎಲ್ಲರಿಗೂ ಕಾಣುತ್ತದೆ. ನೀವು ನೋಡಬೇಕಾದದ್ದು ಇನ್ನೂ ತೂತಾಗದ, ಆದರೆ ಜಾಲರಿಯಂತೆ ಆದ ಜಾಗವನ್ನು. ಹೆಗಲು, ಮೊಣಕೈ, ಕೊರಳಪಟ್ಟಿಯ ಮಡಿಕೆ, ತೋಳಿನ ತುದಿ, ಜೇಬಿನ ಬಾಯಿ ಇವು ಸಾಮಾನ್ಯ. ಆದರೆ ಪ್ರತಿಯೊಬ್ಬರ ಸವೆತವೂ ಬೇರೆ. ನಮ್ಮಪ್ಪನ ಖಾದಿ ಅಂಗಿಯ ಬಲ ಪಕ್ಕದಲ್ಲಿ, ಸೊಂಟಕ್ಕಿಂತ ಸ್ವಲ್ಪ ಮೇಲೆ ಅಂಗೈ ಅಗಲದಷ್ಟು ಬಟ್ಟೆ ಪಾರದರ್ಶಕವಾಗಿತ್ತು. ಬಹಳ ಹೊತ್ತು ಕಾರಣ ಹೊಳೆಯಲಿಲ್ಲ. ಆಮೇಲೆ ನೆನಪಾಯಿತು: ಅವರು ದಿನವೂ ಬಗಲಿಗೆ ಹಾಕಿಕೊಳ್ಳುತ್ತಿದ್ದ ಚೀಲ ಅಲ್ಲೇ ಉಜ್ಜುತ್ತಿತ್ತು.

ತೆಳುವಾದ ಜಾಗಗಳ ಸುತ್ತ ಸೋಪಿನ ಚೂರಿನಿಂದ ಗೆರೆ ಎಳೆಯಿರಿ. ಇದೇ ನಿಮ್ಮ ನಕ್ಷೆ. ಎಡಕ್ಕೊಂದಿದ್ದರೆ ಬಲಕ್ಕೂ ಒಂದಿರಲಿ ಎಂದು ಸರಿದೂಗಿಸಲು ಹೋಗಬೇಡಿ. ಹಳೆಯ ನೊರಾಗಿಗಳಲ್ಲಿ ಎರಡೂ ಕಡೆ ಸಮನಾಗಿ ತೇಪೆ ಇರುವುದು ಕಡಿಮೆ, ಏಕೆಂದರೆ ಮೈ ಎರಡೂ ಕಡೆ ಸಮನಾಗಿ ದುಡಿಯುವುದಿಲ್ಲ.

ತುಂಡು ಕೂಡಿಸುವುದು

ಜಪಾನಿನಲ್ಲಿ ಒಂದು ನಾಣ್ಣುಡಿಯಿದೆ: ಮೂರು ಅಜುಕಿ ಕಾಳು ಕಟ್ಟುವಷ್ಟು ಬಟ್ಟೆಯಿದ್ದರೂ ಎಸೆಯಬೇಡ. ಅಜುಕಿ ಅಂದರೆ ನಮ್ಮ ಅಲಸಂದೆಯಂಥ ಸಣ್ಣ ಕೆಂಪು ಕಾಳು. ಆ ಅಳತೆ ಇಟ್ಟುಕೊಂಡು ಮನೆ ಹುಡುಕಿದರೆ ಒಂದು ಡಬ್ಬಿ ತುಂಬ ತುಂಡು ಸಿಗುತ್ತದೆ. ಹಳೆ ಪಂಚೆ, ಲುಂಗಿ, ಹತ್ತಿ ಸೀರೆ, ಹಾಸಿಗೆ ಹೊದಿಕೆ, ತಲೆದಿಂಬಿನ ಚೀಲ, ದರ್ಜಿಯ ಅಂಗಡಿಯಲ್ಲಿ ಉಳಿದ ಚೂರು ಎಲ್ಲ ಆಗುತ್ತದೆ. ಮೂರು ಪರೀಕ್ಷೆ ಮಾತ್ರ ತಪ್ಪಿಸಬೇಡಿ.

ಹತ್ತಿಯೇ ಹೌದೋ ಎಂದು ನೋಡಲು ಒಂದು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರುವ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅದನ್ನು ಪಕ್ಕಕ್ಕಿಡಿ, ಸೂಜಿಗೂ ಅದು ಒಗ್ಗುವುದಿಲ್ಲ, ಒಗೆದಾಗ ಹತ್ತಿಯ ಹಾಗೆ ಕುಗ್ಗುವುದೂ ಇಲ್ಲ.

ಎರಡನೆಯದು ಗಟ್ಟಿತನ. ಎರಡು ಹೆಬ್ಬೆರಳ ನಡುವೆ ಹಿಡಿದು ಹಾಸಿನ (ನೇಯ್ಗೆಯ ಉದ್ದ ಎಳೆಗಳ) ಉದ್ದಕ್ಕೊಮ್ಮೆ, ಹೊಕ್ಕಿನ (ಅಡ್ಡ ಎಳೆಗಳ) ಅಡ್ಡಕ್ಕೊಮ್ಮೆ ಎಳೆಯಿರಿ. ಪರ್ ಎಂದು ಹರಿದರೂ ಎಸೆಯಬೇಕಿಲ್ಲ. ಹೊರಮೈಗೆ ಬಾರದು, ಒಳಪದರಕ್ಕೆ ಬರುತ್ತದೆ. ಬೊರೊದ ಒಳಪದರಗಳಲ್ಲಿ ಇಂಥ ಮುದಿಬಟ್ಟೆಯೇ ಹೆಚ್ಚು. ನೂರಾರು ಸಲ ಒಗೆದ ಹತ್ತಿಯಷ್ಟು ಮೆತ್ತಗಿನದು ಹೊಸದರಲ್ಲಿ ಸಿಗದು.

ಮೂರನೆಯದು ಬಣ್ಣ. ಪ್ರತಿ ತುಂಡನ್ನೂ ಬಿಸಿನೀರಲ್ಲಿ ಬೇರೆಬೇರೆಯಾಗಿ ನೆನೆಸಿ ಒಗೆದು, ಒದ್ದೆಯಿರುವಾಗಲೇ ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿ ಒತ್ತಿ ನೋಡಿ. ಕಲೆ ಬಿದ್ದರೆ ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಒಗೆಯಿರಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ, ನನ್ನ ಮೊದಲ ಅಂಗಿಯನ್ನು ಒಂದು ಕೆಂಪು ತುಂಡು ಹಾಳುಮಾಡಿತು. ಮೂರು ವಾರದ ಹೊಲಿಗೆ, ಮೊದಲ ಒಗೆತಕ್ಕೇ ಗುಲಾಬಿ. ಒಗೆಯದೆ ಹಾಕಿದ ಹೊಸ ತುಂಡು ಕುಗ್ಗಿ ಸುತ್ತಲಿನ ಬಟ್ಟೆಯನ್ನೂ ಎಳೆದುಕೊಂಡು ಸುಕ್ಕಾಗಿಸಿತ್ತು.

ನೀಲಿಯೇ ಏಕೆ ಎಂದು ಕೇಳುವವರಿಗೆ: ತೊಹೊಕುವಿನ ಬಟ್ಟೆಗಳಲ್ಲಿ ನೀಲಿ ತುಂಬಿರುವುದು ಅದು ಜನಸಾಮಾನ್ಯರ ಬಣ್ಣವಾಗಿದ್ದುದರಿಂದ. ಜಪಾನಿನಲ್ಲಿ ಶಿಕೊಕು ದ್ವೀಪದ ಅವಾ, ಅಂದರೆ ಇಂದಿನ ತೊಕುಶಿಮಾ, ನೀಲಿಗೆ ಹೆಸರಾದ ಸೀಮೆ. ಅಲ್ಲಿನ ನೀಲಿ ಗಿಡವೂ ನಮ್ಮ ನೀಲಿ ಗಿಡವೂ ಬೇರೆಬೇರೆ ಜಾತಿ, ಆದರೆ ಎಲೆಯಿಂದ ಬರುವ ಬಣ್ಣದ ತಿರುಳು ಒಂದೇ. ನೀಲಿ ಎಳೆಯ ಮೇಲ್ಮೈಗೆ ಅಂಟಿ ಕೂರುತ್ತದೆ, ಒಳಕ್ಕೆ ಪೂರ್ತಿ ಇಳಿಯುವುದಿಲ್ಲ. ಉಜ್ಜಿದ ಕಡೆ ಬಿಳುಚುವುದು ಅದಕ್ಕೇ. ಬೊರೊದಲ್ಲಿ ಕಾಣುವ ಹತ್ತಾರು ನೀಲಿಗಳು ಹತ್ತಾರು ವರ್ಷಗಳ ಉಜ್ಜಿಕೆಯೇ ಹೊರತು ಯಾರೂ ಕೂತು ಆರಿಸಿದ್ದಲ್ಲ. ನಿಮ್ಮ ಮನೆಯಲ್ಲಿ ನೀಲಿ ಇಲ್ಲದಿದ್ದರೆ ಇರುವ ಬಣ್ಣದಲ್ಲೇ ಮಾಡಿ. ಅಂಗಡಿಗೆ ಹೋಗಿ ನೀಲಿ ಬಟ್ಟೆ ಮೀಟರುಗಟ್ಟಲೆ ಕೊಂಡು ಕತ್ತರಿಸಿ ತೇಪೆ ಹಾಕುವವರನ್ನು ಕಂಡಿದ್ದೇನೆ. ಅದರಲ್ಲಿ ಬೊರೊದ ನೋಟ ಮಾತ್ರ ಉಳಿಯುತ್ತದೆ.

ಸೂಜಿ, ದಾರ

ಸಶಿಕೊ ಸೂಜಿ ಉದ್ದನೆಯದು, ಐದು ಸೆಂಟಿಮೀಟರಿನ ಸುಮಾರು, ಕಣ್ಣು ದೊಡ್ಡದು. ಕೌದಿ ಹೊಲಿಯಲು ಬಳಸುವ ಉದ್ದ ಸೂಜಿ ಆಗುತ್ತದೆ. ದಬ್ಬಣ ಬೇಡ, ಸವೆದ ಬಟ್ಟೆಯಲ್ಲಿ ಅದು ತೂತನ್ನೇ ಮಾಡುತ್ತದೆ. ದಾರ ಹೊಳಪಿಲ್ಲದ, ಹೆಚ್ಚು ಹುರಿಯಿಲ್ಲದ ಹತ್ತಿಯದಿರಲಿ. ಸಶಿಕೊ ದಾರ ಸಿಗದಿದ್ದರೆ ಆರೆಳೆಯ ಕಸೂತಿ ದಾರದಿಂದ ಮೂರೋ ನಾಲ್ಕೋ ಎಳೆ ಬಿಡಿಸಿಕೊಳ್ಳಿ. ಹೊಲಿಗೆ ಯಂತ್ರದ ಪಾಲಿಯೆಸ್ಟರ್ ದಾರ ಬಟ್ಟೆಗಿಂತ ಗಟ್ಟಿ; ಕಾಲ ಕಳೆದಂತೆ ಅದೇ ಬಟ್ಟೆಯನ್ನು ಕೊಯ್ಯುತ್ತದೆ. ದಾರ ಯಾವತ್ತೂ ಬಟ್ಟೆಗಿಂತ ಮೊದಲು ಸೋಲುವಂಥದ್ದಿರಬೇಕು. ದಾರ ಹೋದರೆ ಮತ್ತೆ ಹೊಲಿಯಬಹುದು.

ಬಿಚ್ಚುವುದು, ಹರವುವುದು

ಜಪಾನಿನ ಸಾಂಪ್ರದಾಯಿಕ ಉಡುಪು ಹೆಚ್ಚುಕಮ್ಮಿ ಆಯತಾಕಾರದ ತುಂಡುಗಳಿಂದಲೇ ಆದದ್ದು. ಕಿಮೊನೊ ಬಟ್ಟೆಯ ಸುರುಳಿ ಸುಮಾರು 36–38 ಸೆಂಟಿಮೀಟರ್ ಅಗಲ, ಹನ್ನೆರಡು ಮೀಟರಿನಷ್ಟು ಉದ್ದ. ಅದನ್ನು ನೇರ ಗೆರೆಯಲ್ಲಿ ಕತ್ತರಿಸಿ ನೇರ ಗೆರೆಯಲ್ಲಿ ಹೊಲಿಯುತ್ತಾರೆ. ಆದ್ದರಿಂದ ಹೊಲಿಗೆ ಬಿಚ್ಚಿದರೆ ಬಟ್ಟೆ ಮತ್ತೆ ಪಟ್ಟಿಯಾಗಿ ಮಲಗುತ್ತದೆ. ಒಗೆದು, ಸವೆದ ಭಾಗವನ್ನು ಒಳಗೆ ತಿರುಗಿಸಿ ಮತ್ತೆ ಹೊಲಿಯಬಹುದು. ಮೇಲಂಗಿ ಹಳತಾದರೆ ಮಗುವಿನ ಅಂಗಿ, ಅದೂ ಹಳತಾದರೆ ಹಾಸು, ಕೊನೆಗೆ ಒರೆಸುವ ಬಟ್ಟೆ.

ನಮ್ಮ ಶರ್ಟು ಹಾಗಲ್ಲ, ತೋಳಿನ ಸುತ್ತ ಬಾಗಿದ ಹೊಲಿಗೆ. ಪೂರ್ತಿ ಬಿಚ್ಚುವ ಅಗತ್ಯವಿಲ್ಲ. ಮೊಣಕೈಗೆ ತೇಪೆ ಹಾಕುವುದಿದ್ದರೆ ತೋಳಿನ ಅಡಿಯ ಹೊಲಿಗೆಯನ್ನಷ್ಟೇ ಬಿಚ್ಚಿ ತೋಳನ್ನು ಚಪ್ಪಟೆ ಹಾಸಿಕೊಳ್ಳಿ. ಇದನ್ನು ಬಿಟ್ಟು ಕೊಳವೆಯಂಥ ತೋಳಿನೊಳಗೆ ಕೈ ತೂರಿಸಿ ಹೊಲಿಯಲು ಹೋದವರು ಮುಂದಿನ ಬಟ್ಟೆಗೆ ಹಿಂದಿನದನ್ನೂ ಸೇರಿಸಿ ಹೊಲಿದಿರುತ್ತಾರೆ.

ತೇಪೆ ಕೂರಿಸುವುದು

ಕೆಲಸದ ಜೀವಾಳ ಇಲ್ಲಿದೆ, ಅವಸರ ಬೇಡ.

ತೇಪೆಯ ಅಳತೆಯನ್ನು ತೂತು ನೋಡಿ ತೆಗೆದುಕೊಳ್ಳಬಾರದು. ತೂತಿನ ಸುತ್ತ ತೆಳುವಾದದ್ದು ಎಲ್ಲಿಯವರೆಗಿದೆ ನೋಡಿ, ಅದನ್ನೂ ದಾಟಿ ಗಟ್ಟಿ ಬಟ್ಟೆಯ ಮೇಲೆ ಎರಡು ಮೂರು ಸೆಂಟಿಮೀಟರ್ ಹೋಗುವಷ್ಟು ತುಂಡು ಬೇಕು. ತೆಳು ಬಟ್ಟೆಗೆ ತೇಪೆಯ ಅಂಚು ಬಂದು ಕೂತರೆ ಮುಂದಿನ ತಿಂಗಳು ಅದೇ ಅಂಚಿನ ಉದ್ದಕ್ಕೂ ಹರಿಯುತ್ತದೆ. ಹೊಸಬರು ಮಾಡುವ ಮೊದಲ ತಪ್ಪು ಇದು.

ತೇಪೆಯ ಹಾಸು ಅಂಗಿಯ ಹಾಸಿನೊಂದಿಗೆ, ಹೊಕ್ಕು ಹೊಕ್ಕಿನೊಂದಿಗೆ ಸರಿಹೊಂದಲಿ. ನೇಯ್ದ ಬಟ್ಟೆ ಉದ್ದಕ್ಕೆ ಕಡಿಮೆ, ಅಡ್ಡಕ್ಕೆ ಸ್ವಲ್ಪ ಹೆಚ್ಚು, ಓರೆಗೆ ಬಹಳ ಹಿಗ್ಗುತ್ತದೆ. ತೇಪೆಯನ್ನು ಓರೆಗಿಟ್ಟರೆ ಎರಡೂ ಬೇರೆಬೇರೆ ದಿಕ್ಕಿಗೆ ಎಳೆದಾಡಿ ಗುಳ್ಳೆ ಏಳುತ್ತದೆ. ಕತ್ತರಿಸುವ ಬದಲು ಅಂಚಿನಲ್ಲಿ ಸಣ್ಣ ಕಚ್ಚು ಕೊಟ್ಟು ಕೈಯಿಂದ ಹರಿಯಿರಿ. ಬಟ್ಟೆ ತನ್ನ ಎಳೆ ಹಿಡಿದೇ ಹರಿಯುವುದರಿಂದ ನೇರ ಅಂಚು ತಾನಾಗಿ ಸಿಗುತ್ತದೆ.

ಒಳಗೋ, ಹೊರಗೋ? ನನ್ನ ತೀರ್ಮಾನ ಹೀಗೆ: ತೂತು ಬಿದ್ದಿಲ್ಲ, ತೆಳುವಾಗಿದೆ ಅಷ್ಟೇ ಅಂದರೆ ಒಳಗಿನಿಂದ. ತೂತಾಗಿದ್ದು ಅಲ್ಲಿ ಉಜ್ಜಿಕೆ ಮುಂದುವರಿಯುವುದಿದ್ದರೆ ಹೊರಗಿನಿಂದ, ಹೊಸ ತೇಪೆ ಉಜ್ಜಿಸಿಕೊಳ್ಳಲಿ. ಹೆಗಲಿಗೆ ಎರಡೂ ಕಡೆಯಿಂದ. ಹಳೆಯ ಬೊರೊಗಳ ಒಳಮೈ ಹೊರಮೈಗಿಂತ ತುಂಬಿದ್ದಾಗಿರುವುದನ್ನು ನೋಡಿದ್ದೇನೆ. ಹಾಕಿದವರು ಬೇರೆಯವರಿಗೆ ಕಾಣದಂತೆ ಒಳಗಿನಿಂದಲೇ ತೇಪೆ ಹಾಕಿಕೊಂಡಿರಬೇಕು.

ಹೊರಗಿನ ತೇಪೆಯ ಅಂಚನ್ನು ಅರ್ಧ ಸೆಂಟಿಮೀಟರ್ ಒಳಮಡಿಸಿ ಇಸ್ತ್ರಿ ಒತ್ತಿ. ಒಳಗಿನ ತೇಪೆಗೆ ಮಡಿಕೆ ಬೇಡ. ಮಡಿಸಿದ ಅಂಚು ಮೈಗೆ ಒತ್ತುತ್ತದೆ, ಎದುರುಬದಿಯಲ್ಲಿ ಏಣಾಗಿ ಕಾಣುತ್ತದೆ. ಮೊಣಕೈಯ ತೇಪೆಯನ್ನು ಬಿಗಿಯಾಗಿ ಹರವಬಾರದು, ತೋಳು ಮಡಿಸಿದರೆ ಹರಿದೀತು. ಒಂದೆರಡು ನೂಲಿನಷ್ಟು ಸಡಿಲ ಬಿಟ್ಟು ಕೂರಿಸಿ.

ತುಂಡುಗಳನ್ನು ಜೋಡಿಸುವಾಗ ಮೊದಲು ಕೆಳಗಿರುವುದು, ಆಮೇಲೆ ಮೇಲಿರುವುದು. ಒಂದರ ಮೇಲೊಂದು ಎರಡು ಸೆಂಟಿಮೀಟರ್ ಹತ್ತಿ ಕೂರಲಿ. ಎಲ್ಲ ಇಟ್ಟ ಮೇಲೆ ಒಂದು ರಾತ್ರಿ ಹಾಗೇ ಬಿಡುವುದು ನನ್ನ ರೂಢಿ. ಬೆಳಗ್ಗೆ ನೋಡಿದಾಗ ಚೆಂದಕ್ಕೆಂದು ಇಟ್ಟ ತುಂಡು ಯಾವುದು, ಅಗತ್ಯಕ್ಕೆ ಇಟ್ಟದ್ದು ಯಾವುದು ಎಂದು ಬೇಗ ತಿಳಿಯುತ್ತದೆ. ಚೆಂದಕ್ಕಿಟ್ಟದ್ದನ್ನು ತೆಗೆದುಬಿಡುತ್ತೇನೆ.

ಇನ್ನು ಕಚ್ಚಾ ಹೊಲಿಗೆ. ಗುಂಡುಪಿನ್ನನ್ನು ನಂಬಬೇಡಿ, ಜಾರುತ್ತದೆ, ಚುಚ್ಚುತ್ತದೆ. ಬಿಳಿ ದಾರದಿಂದ ಎರಡು ಮೂರು ಸೆಂಟಿಮೀಟರಿನ ಉದ್ದ ಟಾಕುಗಳನ್ನು ಮೊದಲು ನಡುವಿನಿಂದ ನಾಲ್ಕೂ ದಿಕ್ಕಿಗೆ, ಆಮೇಲೆ ನಾಲ್ಕು ಬೆರಳ ಅಂತರದಲ್ಲಿ ಸಾಲಾಗಿ ಹಾಕಿ. ನಡುವಿನಿಂದ ಹೊರಕ್ಕೆ ಹೋದರೆ ಸುಕ್ಕು ಅಂಚಿಗೆ ಸರಿದು ಹೋಗುತ್ತದೆ.

ಸಶಿಕೊ ಹೊಲಿಗೆ

ಮೇಲೆ–ಕೆಳಗೆ–ಮೇಲೆ ಹೋಗುವ ಸಾದಾ ಓಡುಹೊಲಿಗೆ, ಶಾಲೆಯಲ್ಲಿ ಎಲ್ಲರೂ ಕಲಿತದ್ದೇ. ವ್ಯತ್ಯಾಸ ಕೈಯ ಚಲನೆಯಲ್ಲಿದೆ. ಜಪಾನಿನಲ್ಲಿ ಇದಕ್ಕೆ 'ಉನ್‌ಶಿನ್' ಎನ್ನುತ್ತಾರೆ. ಸೂಜಿ ಬಹುತೇಕ ನಿಂತಲ್ಲೇ ಇರುತ್ತದೆ, ಬಟ್ಟೆ ಓಡಾಡುತ್ತದೆ. ಸೂಜಿಯ ಹಿಂಬದಿಯನ್ನು ಅಂಗೈಗೆ ಹತ್ತಿರ, ನಡುಬೆರಳಿನ ಬುಡದಲ್ಲಿ ಒತ್ತಿ ಹಿಡಿಯುತ್ತಾರೆ. ಅಲ್ಲಿ ಚರ್ಮ ಅಥವಾ ಲೋಹದ ಬಿಲ್ಲೆಯಿರುವ ಉಂಗುರ ತೊಡುತ್ತಾರೆ. ಹೆಬ್ಬೆರಳು ಮತ್ತು ತೋರುಬೆರಳು ಸೂಜಿಯ ತುದಿಯನ್ನು ಬಟ್ಟೆಯೊಳಗೇ ಹಿಡಿದಿರುತ್ತವೆ. ಎಡಗೈ ಬಟ್ಟೆಯನ್ನು ಮೇಲೆ ಕೆಳಗೆ ಅಲುಗಿಸುತ್ತದೆ, ಸೂಜಿಯ ಮೇಲೆ ಬಟ್ಟೆ ನೆರಿಗೆ ನೆರಿಗೆಯಾಗಿ ಏರುತ್ತದೆ. ಎಂಟು ಹತ್ತು ಚುಚ್ಚು ಏರಿದ ಮೇಲೆ ಒಮ್ಮೆಗೇ ಎಳೆಯಿರಿ.

ಎಳೆದ ಕೂಡಲೇ ಮುಂದಿನ ಹೊಲಿಗೆಗೆ ಹೋಗಬೇಡಿ. ಎಡಗೈ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹೊಲಿದ ಭಾಗವನ್ನು ಹಿಡಿದು ಹೊಲಿಗೆಯ ದಿಕ್ಕಿನಲ್ಲಿ ನವಿರಾಗಿ ನೀವಿ, ನೆರಿಗೆ ಪೂರ್ತಿ ಬಿಚ್ಚಿಕೊಳ್ಳುವಷ್ಟು. ಇದಕ್ಕೆ 'ಇತೊಕೊಕಿ' ಎಂದು ಪ್ರತ್ಯೇಕ ಹೆಸರೇ ಇದೆ. ದಾರ ಬಿಗಿಯಾಗಿ ಉಳಿದರೆ ಮೊದಲ ಒಗೆತಕ್ಕೆ ಬಟ್ಟೆ ಮುದುಡುತ್ತದೆ. ನೀವಿದ ಮೇಲೂ ದಾರ ಬಟ್ಟೆಯ ಮೇಲೆ ಸುಮ್ಮನೆ ಮಲಗಿದ ಹಾಗಿರಬೇಕು.

ಅಳತೆ: ಮೇಲಿನ ಹೊಲಿಗೆ ಐದಾರು ಮಿಲಿಮೀಟರ್, ಕೆಳಗಿನದು ಅದಕ್ಕಿಂತ ಸ್ವಲ್ಪ ಸಣ್ಣದು, ಮೂರಕ್ಕೆರಡರ ಲೆಕ್ಕ. ಸಾಲಿನಿಂದ ಸಾಲಿಗೆ ಅರ್ಧದಿಂದ ಮುಕ್ಕಾಲು ಸೆಂಟಿಮೀಟರ್; ತೀರಾ ತೆಳುವಾದ ಕಡೆ ಇನ್ನೂ ಒತ್ತಾಗಿ. ದಾರ ಒಂದು ತೋಳಿನುದ್ದಕ್ಕಿಂತ ಹೆಚ್ಚು ಬೇಡ, ಉದ್ದವಾದಷ್ಟೂ ಸಿಕ್ಕಾಗಿ ನಡುವೆಯೇ ಜೂಲು ಬಿಡುತ್ತದೆ.

ಗಂಟು ಹಾಕಬೇಡಿ. ಸಾಲಿನ ಶುರುವಿನಿಂದ ಮೂರು ನಾಲ್ಕು ಹೊಲಿಗೆ ಮುಂದೆ ಸೂಜಿ ಹಾಕಿ ಶುರುವಿನ ಕಡೆಗೆ ಹಿಮ್ಮುಖ ಹೊಲಿದು ಬನ್ನಿ, ಆಮೇಲೆ ತಿರುಗಿ ಅದರ ಮೇಲೆಯೇ ಮುಂದಕ್ಕೆ ಹೋಗಿ. ಮುಗಿಸುವಾಗಲೂ ಹೀಗೇ. ಪದರಗಳ ನಡುವೆ ಗಂಟಿದ್ದರೆ ಅಲ್ಲೇ ಸವೆತ ಶುರುವಾಗುತ್ತದೆ. ಒಂದು ಸಾಲು ಮುಗಿದು ಪಕ್ಕದ ಸಾಲಿಗೆ ಹೊರಳುವಾಗ ಹಿಂಬದಿಯಲ್ಲಿ ಸಣ್ಣ ಕುಣಿಕೆಯಷ್ಟು ದಾರ ಸಡಿಲ ಬಿಡಿ.

ಸಾಲುಗಳು ತೇಪೆಯ ಅಂಚಿಗೆ ನಿಲ್ಲದೆ ಒಂದು ಸೆಂಟಿಮೀಟರಾದರೂ ಹೊರಗಿನ ಬಟ್ಟೆಗೆ ದಾಟಲಿ. ಎಲ್ಲ ಸಾಲೂ ಒಂದೇ ಗೆರೆಯಲ್ಲಿ ಮುಗಿಯದೆ ಒಂದು ಮುಂದೆ, ಒಂದು ಹಿಂದೆ ಇದ್ದರೆ ಎಳೆತ ಹಂಚಿಹೋಗುತ್ತದೆ. ಮಡಿಸಿದ ಅಂಚನ್ನು ಕೊನೆಯಲ್ಲಿ ಹೆಮ್ಮಿಂಗ್ ಹಾಕಿ ಹಿಡಿಸಿ.

ಷಟ್ಕೋನದ 'ಅಸನೊಹಾ', ಅಲೆಯ 'ಸೆಯ್ಗೈಹಾ' ಮುಂತಾದ ಚಿತ್ತಾರಗಳ ಬಗ್ಗೆ ಕೇಳುವವರಿದ್ದಾರೆ. ಅವು ಸೊಗಸು, ಕಲಿಯಿರಿ. ಆದರೆ ಸವೆದ ಹೆಗಲಿಗೆ ನೇರ ಸಾಲೇ ಸಾಕು. ಚಿತ್ತಾರದಲ್ಲಿ ಹೊಲಿಗೆಗಳು ಕೂಡುವ ಕಡೆ ಒತ್ತು, ನಡುವೆ ಬಯಲು. ಸವೆತಕ್ಕೆ ಬೇಕಾದ್ದು ಎಲ್ಲೆಡೆ ಸಮನಾದ ಹಿಡಿತ.

ಉತ್ತರ ಕರ್ನಾಟಕದಲ್ಲಿ ಕೌದಿ ನೋಡಿ ಬೆಳೆದವರಿಗೆ ಇದೆಲ್ಲ ಪರಿಚಿತ ಅನ್ನಿಸಬಹುದು. ಹೊಲಿಗೆ ಅದೇ, ಹಳೆ ಬಟ್ಟೆ ಅದೇ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಹಿಡಿದು ಸುತ್ತುತ್ತ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂ ಕೂರಿಸುತ್ತಾರೆ. ಅವರ ಕೈಯಲ್ಲಿ ಕೌದಿ ಒಂದು ಪೂರ್ತಿ ವಸ್ತುವಾಗಿ ಹುಟ್ಟುತ್ತದೆ. ಬೊರೊ ತೊಡುತ್ತ ತೊಡುತ್ತ ಬೆಳೆಯುತ್ತದೆ. ಕೌದಿ ಹೊಲಿದ ಕೈ ಬೊರೊವನ್ನು ಬೇಗ ಹಿಡಿಯುತ್ತದೆ, ಆದರೆ ಅಂಚಿನಿಂದ ಶುರುಮಾಡುವ ರೂಢಿಯನ್ನು ತೇಪೆಯಲ್ಲಿ ಬಿಡಬೇಕಾಗುತ್ತದೆ. ಇಲ್ಲದಿದ್ದರೆ ನಡುವೆ ಗಾಳಿ ತುಂಬಿದ ಹಾಗೆ ಉಬ್ಬುತ್ತದೆ.

ಒಗೆಯುವುದು

ಕಚ್ಚಾ ದಾರ ಬಿಚ್ಚಿ, ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ, ಅಂಟುವಾಳದ ನೊರೆಯಲ್ಲಿ ಅಥವಾ ಹಗುರ ಸೋಪಿನಲ್ಲಿ ಕೈಯಿಂದ ಒತ್ತಿ ಒಗೆಯಿರಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ಮಗುಚಿ ನೆರಳಲ್ಲಿ ಒಣಗಿಸಿ. ಮೊದಲ ಒಗೆತದ ನಂತರ ಬಟ್ಟೆ, ದಾರ ಎರಡೂ ಸ್ವಲ್ಪ ಕುಗ್ಗಿ ಹೊಲಿಗೆಯ ನಡುವೆ ಸಣ್ಣ ಏರಿಳಿತ ಬರುತ್ತದೆ, ಅದು ಹಾಗೆಯೇ ಇರಲಿ. ಗಂಜಿ ಹಾಕಬೇಡಿ. ಗಂಜಿಗೆ ಹುಳ ಬರುತ್ತದೆ, ಮಡಿಕೆಯಲ್ಲಿ ಎಳೆ ಮುರಿಯುತ್ತದೆ.

ನಿಜವಾದ ಹಳೆಯ ಬೊರೊ ಕೈಗೆ ಬಂದರೆ

ಮೇಲಿನ ಯಾವುದನ್ನೂ ಅದಕ್ಕೆ ಮಾಡಬೇಡಿ. ಹೊಸ ತೇಪೆ ಬೇಡ, ಒಗೆತ ಬೇಡ. ಚಪ್ಪಟೆ ಹಾಸಿ, ಮೆತ್ತನೆಯ ಕುಂಚದಿಂದ ಧೂಳು ತೆಗೆಯಿರಿ. ಮಡಿಸುವ ಬದಲು ಗಂಜಿಯಿಲ್ಲದ, ಒಗೆದ ಬಿಳಿ ಮಲ್ಲು ಬಟ್ಟೆಯೊಳಗೆ ಸುತ್ತಿ ಕತ್ತಲಲ್ಲಿಡಿ. ಮಡಿಸಲೇಬೇಕಾದರೆ ಮಡಿಕೆಯೊಳಗೆ ಬಟ್ಟೆಯ ಉಂಡೆ ತುರುಕಿ, ಆರು ತಿಂಗಳಿಗೊಮ್ಮೆ ಮಡಿಕೆಯ ಜಾಗ ಬದಲಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಡಾಂಬರಿನ ಗುಳಿಗೆ ಬಟ್ಟೆಗೆ ತಾಗದಿರಲಿ.

ಕೊಳ್ಳುವಾಗ ಒಂದು ಪರೀಕ್ಷೆ ಬಹಳ ಹೇಳುತ್ತದೆ. ಸಡಿಲಗೊಂಡ ತೇಪೆಯ ಅಂಚನ್ನು ಮೆಲ್ಲಗೆ ಎತ್ತಿ ಕೆಳಗಿನ ಬಟ್ಟೆಯ ಬಣ್ಣ ನೋಡಿ. ಹಳೆಯದಾದರೆ ಮುಚ್ಚಿದ ಭಾಗ ಗಾಢವಾಗಿದ್ದು ತೆರೆದ ಭಾಗ ಮಾಸಿರುತ್ತದೆ. ಎರಡೂ ಒಂದೇ ಮಟ್ಟಕ್ಕೆ ಮಾಸಿದ್ದರೆ ಮೊದಲೇ ಮಾಸಿದ ಬಟ್ಟೆಗಳನ್ನು ಇತ್ತೀಚೆಗೆ ಕೂಡಿಸಿರಬಹುದು. ಸವೆತ ಮೈಯ ಲೆಕ್ಕಕ್ಕೆ ಹೊಂದುತ್ತದೋ ಎಂದೂ ನೋಡಿ. ಬೆನ್ನ ನಡುವೆ ಹತ್ತು ತೇಪೆಯಿದ್ದು ಕೊರಳಪಟ್ಟಿ, ತೋಳಿನ ತುದಿ ಹೊಸದರ ಹಾಗಿದ್ದರೆ ಅನುಮಾನಿಸಿ. ಯಂತ್ರದ ಹೊಲಿಗೆ ಇದೆ ಅಂದ ಮಾತ್ರಕ್ಕೆ ನಕಲಿ ಅಂತಲ್ಲ, ಇಪ್ಪತ್ತನೆಯ ಶತಮಾನದ ತೇಪೆಗಳಲ್ಲಿ ಅದು ಇರಬಹುದು.

ಮತ್ತೆ ಹರಿದಾಗ

ಅಪ್ಪನ ಆ ಅಂಗಿಯನ್ನು ಈಗ ನಾನು ತೊಡುತ್ತೇನೆ. ಮೊನ್ನೆ ಬಲ ಮೊಣಕೈಯಲ್ಲಿ ನಾನು ಹಾಕಿದ ತೇಪೆಯೇ ತೆಳುವಾಗಿರುವುದು ಕಂಡಿತು. ಬಿಚ್ಚಲು ಹೋಗಲಿಲ್ಲ. ಹಳೆ ತೇಪೆ ಬಿಚ್ಚಿದರೆ ಅದರಡಿಯ ಬಟ್ಟೆ ಹಿಡಿತವಿಲ್ಲದೆ ಚದುರುತ್ತದೆ. ಹೊಸದನ್ನು ಅದರ ಮೇಲೆಯೇ ಹಾಕಬೇಕು, ಅದರ ಅಂಚಿಗಿಂತ ಎರಡು ಸೆಂಟಿಮೀಟರ್ ದೊಡ್ಡದಾಗಿ, ಹೊಲಿಗೆಯ ಸಾಲುಗಳು ಹಳೆಯ ಸಾಲುಗಳಿಗೆ ಅಡ್ಡವಾಗಿ ಹೋಗುವಂತೆ. ಅಮ್ಮನ ಧಾರವಾಡದ ಹತ್ತಿ ಸೀರೆಯ ಒಂದು ತುಂಡು ಡಬ್ಬಿಯಲ್ಲಿತ್ತು, ಅದನ್ನೇ ಕೂರಿಸಿದೆ. ಅಲ್ಲೀಗ ಮೂರು ಪದರ.

ಉಳಿದದ್ದು ಬೆರಳಗಲದ ಪಟ್ಟಿ. ತೇಪೆಗೆ ಬಾರದಂಥ ಚೂರನ್ನು ಜಪಾನಿನಲ್ಲಿ ಉದ್ದಕ್ಕೆ ಸೀಳಿ, ನಾರಿನ ಅಥವಾ ಹತ್ತಿಯ ಹಾಸಿನೆಳೆಗಳಿಗೆ ಹೊಕ್ಕಾಗಿ ಹೊಡೆದು 'ಸಕಿಓರಿ' ಎಂಬ ದಪ್ಪ ಬಟ್ಟೆ ನೇಯುತ್ತಿದ್ದರು. ನನ್ನ ಹತ್ತಿರ ಮಗ್ಗವಿಲ್ಲ. ಪಟ್ಟಿಗಳನ್ನು ಒಂದಕ್ಕೊಂದು ಟಾಕು ಹಾಕಿ ಉಂಡೆ ಸುತ್ತುತ್ತಿದ್ದೇನೆ. ಸದ್ಯಕ್ಕೆ ಲಿಂಬೆಹಣ್ಣಿನ ಗಾತ್ರ ಆಗಿದೆ.